ಪಿ53 ಬ್ಯಾಂಡ್ ಬರ್ತಾನೇ ಇಲ್ಲ, ನಾಲ್ಕು ಬ್ಲಾಟ್ ದಂಡ

ಚಂದ್ರಗಿರಿ_ದಡ:
ತಲೆ ಕೆಟ್ಟು ಹೋಗಿದೆ. ವೆಸ್ಟರ್ನ್ ಬ್ಲಾಟಿನಲ್ಲಿ (ಪ್ರೊಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಪೊರೆಗೆ ದಾಟಿಸಿ, ಆಂಟಿಬಾಡಿಯಿಂದ ಹುಡುಕುವುದು) ಪಿ53 ಅನ್ನುವ ಕ್ಯಾನ್ಸರ್ ತಡೆಯುವ ಪ್ರೊಟೀನ್ ಕಾಣುತ್ತಲೇ ಇಲ್ಲ. ಪಿ53ಯನ್ನು ಹಿಡಿಯುವ ಡಿಒ-1 ಆಂಟಿಬಾಡಿ, 1:1000 ತೆಳು ಮಾಡಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ. 10 ಪರ್ಸೆಂಟ್ ಜೆಲ್, ಪಿವಿಡಿಎಫ್ ಪೊರೆ. 53 ಕಿಲೋಡಾಲ್ಟನ್ ಹತ್ತಿರ ಏನೂ ಇಲ್ಲ, ಬರೀ ಬಿಳಿ. ಹೋದ ತಿಂಗಳಷ್ಟೇ ಬಂದ ಹೊಸ ವಯಲ್. ಡೂಪ್ಲಿಕೇಟ್ ಏನಾದರೂ ಕೊಟ್ಟಿದ್ದಾರಾ? ಕಾಸರಗೋಡಿನಲ್ಲಿ ಯಾರಿಗಾದರೂ ಹೀಗಾಗಿದೆಯಾ? ಸೋಮವಾರ ಗೈಡ್‌ಗೆ ಏನು ತೋರಿಸಲಿ?

ಮಂಜೇಶ್ವರದ_ಮಾಣಿ:
ಇದು ಕೊರಿಯರಿನ ಕೆಲಸ. ನಮ್ಮ ಕಡೆಗೆ ಐಸ್ ಪ್ಯಾಕ್ ಹಾಕಿ ಕಳಿಸಿದ್ದು ಕೈಗೆ ಸಿಗುವಾಗ ಉಗುರುಬೆಚ್ಚಗೆ ಇರುತ್ತದೆ. ವಾಪಸ್ ಕಳಿಸಿ.

ಅಡೂರಿನ_ಅಕ್ಕ:
ಎರಡು ದಿನ ಸೆಕೆ ತಾಗಿದ ಮಾತ್ರಕ್ಕೆ ಆಂಟಿಬಾಡಿ ಪೂರ್ತಿ ಸಾಯುವುದಿಲ್ಲ ಮಾಣಿ. ಪಿವಿಡಿಎಫನ್ನು ಮೆಥನಾಲಿನಲ್ಲಿ ಅದ್ದಿದ್ರಾ? ಪ್ರೊಟೀನ್ ಪೊರೆಗೆ ದಾಟಿದೆಯಾ ಅಂತ ಪಾನ್ಸೋ ಬಣ್ಣ ಹಾಕಿ ನೋಡಿದ್ರಾ? ಬಫರಿನಲ್ಲಿ ಸೋಡಿಯಂ ಅಜೈಡ್ ಉಂಟಾ? ಇದ್ದರೆ, ಮೊದಲ ಆಂಟಿಬಾಡಿಯನ್ನು ಹಿಡಿಯುವ ಸೆಕೆಂಡರಿ ಆಂಟಿಬಾಡಿಗೆ ಅಂಟಿಸಿದ ಎಚ್‌ಆರ್‌ಪಿ ಕಿಣ್ವ ಕೆಲಸ ಮಾಡುವುದಿಲ್ಲ.

ಮಂಜೇಶ್ವರದ_ಮಾಣಿ:
ಕೊರಿಯರೇ. ಬರೆದಿಟ್ಟುಕೊಳ್ಳಿ.

ಚಂದ್ರಗಿರಿ_ದಡ:
ಅದ್ದಿದ್ದೇನೆ ಅಕ್ಕ. ಪಾನ್ಸೋ ಚೆನ್ನಾಗಿ ಬಂತು. ಅಜೈಡ್ ಇಲ್ಲ. ಬ್ಲಾಕಿಂಗಿಗೆ (ಆಂಟಿಬಾಡಿ ಪೊರೆಯ ಖಾಲಿ ಜಾಗಕ್ಕೆ ಅಂಟದ ಹಾಗೆ) 5 ಪರ್ಸೆಂಟ್ ಹಾಲಿನ ಪುಡಿ.

ಘಟ್ಟದ_ಮೇಲಿನವ:
ಹಾಲಿನ ಪುಡಿ! ಸಿಕ್ಕಿತಲ್ಲ ಕಾರಣ. ಅದರ ಬದಲು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಹಾಕಿ.

ಅಡೂರಿನ_ಅಕ್ಕ:
ಬಿಎಸ್‌ಎ ಬೇಕಾಗುವುದು ಹೆಚ್ಚಾಗಿ ಫಾಸ್ಫೇಟ್ ಅಂಟಿದ ಪ್ರೊಟೀನನ್ನು ಗುರುತಿಸುವ ಫಾಸ್ಫೋ ಆಂಟಿಬಾಡಿಗೆ. ಹಾಲಿನ ಕೇಸೀನೇ ಫಾಸ್ಫೋಪ್ರೊಟೀನ್, ಅದಕ್ಕೆ. ಡಿಒ-1ಕ್ಕೆ ಹಾಲು ಧಾರಾಳ ಸಾಕು. ಸುಮ್ನೆ ದುಡ್ಡು ದಂಡ.

ಘಟ್ಟದ_ಮೇಲಿನವ:
ದುಡ್ಡಿನ ಮಾತು ಬಿಡಿ. ನಮ್ಮಲ್ಲಿ ಕೂಲ್ಡ್ ಕ್ಯಾಮೆರಾ ಇರುವ ಇಮೇಜರ್ ಬಂದಿದೆ. ಎಂಥಾ ಮಸುಕು ಬ್ಯಾಂಡ್ ಆದರೂ ಎದ್ದು ಕಾಣುತ್ತದೆ.

ಮಂಜೇಶ್ವರದ_ಮಾಣಿ:
ನಮ್ಮದು ಇನ್ನೂ ಎಕ್ಸ್‌ರೇ ಫಿಲ್ಮ್. ಮಳೆಗಾಲದಲ್ಲಿ ಡಾರ್ಕ್ ರೂಮ್ ಬೇರೆ ಬೇಡ, ಕರೆಂಟಿನವರೇ ಮಾಡಿಕೊಡುತ್ತಾರೆ.

ಹಳೇ_ಪಿಪೆಟ್:
ಇಮೇಜರ್ ಆಮೇಲೆ ನೋಡೋಣ. ಎಲ್ಲ ಸೆಲ್ಲಿನಲ್ಲೂ ಇರುವ ಆಕ್ಟಿನ್ ಪ್ರೊಟೀನ್ ಬಂತಾ? ಸೆಲ್ ಯಾವುದು?

ಚಂದ್ರಗಿರಿ_ದಡ:
ಆಕ್ಟಿನ್ ಚೆಂದ ಬರುತ್ತದೆ. ಅದರದ್ದೂ ಡಿಒ-1ರ ಹಾಗೆ ಮೌಸ್ ಆಂಟಿಬಾಡಿ, ಅದೇ ಸೆಕೆಂಡರಿ. ಸೆಲ್ ಹೀಲಾ. ಎಲ್ಲರೂ ಬೆಳೆಸುವುದು ಅದನ್ನೇ ಅಲ್ವಾ?

ಹಳೇ_ಪಿಪೆಟ್:
ಅಯ್ಯೋ ಮಾರಾಯ್ರೆ, ಇದನ್ನು ಮೊದಲೇ ಹೇಳಬಾರದಿತ್ತಾ! ಆಕ್ಟಿನ್ ಬಂದಿದ್ದರೆ ಟ್ರಾನ್ಸ್‌ಫರ್, ಸೆಕೆಂಡರಿ, ಇಸಿಎಲ್ (ಬೆಳಕು ಬರಿಸುವ ದ್ರಾವಣ) ಮೂರರ ಮೇಲಿನ ಅನುಮಾನ ಬಿಟ್ಟುಬಿಡಿ. ಹೀಲಾ ಬಂದದ್ದು 1951ರಲ್ಲಿ, ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗಡ್ಡೆಯಿಂದ. ಅದರೊಳಗೆ ಎಚ್‌ಪಿವಿ-18 ಕೂತಿದೆ. ಆ ವೈರಸ್ಸಿನ ಇ6 ಪ್ರೊಟೀನ್ ಪಿ53ಯನ್ನು ಹಿಡಿದು, ಪ್ರೊಟೀನನ್ನು ಚೂರು ಮಾಡುವ ಪ್ರೋಟಿಯಾಸೋಮಿನ ಬಾಯಿಗೆ ಹಾಕುತ್ತದೆ. ಜೀನ್ ಸರಿಯಾಗಿಯೇ ಉಂಟು, ಪ್ರೊಟೀನ್ ಉಳಿಯುವುದಿಲ್ಲ. ಹೀಲಾದಲ್ಲಿ ಪಿ53 ತೀರಾ ಕಡಿಮೆ.

ಎ431 ಅನ್ನುವ ಸೆಲ್ಲಿನ ಲೈಸೇಟ್ (ಒಡೆದ ಸೆಲ್ಲಿನ ರಸ) ಜೆಲ್ಲಿನ ಒಂದು ಲೇನಿಗೆ ಹಾಕಿ. ಅದರಲ್ಲಿ ಮ್ಯುಟೆಂಟ್ ಪಿ53 ರಾಶಿ ಇರುತ್ತದೆ. ಪಕ್ಕದಲ್ಲಿ ಪಿ53 ಇಲ್ಲವೇ ಇಲ್ಲದ ಎಚ್1299 ಸೆಲ್. ಆಗ ಆಂಟಿಬಾಡಿಯ ಜಾತಕ ಗೊತ್ತಾಗುತ್ತದೆ. ಹೀಲಾದಲ್ಲೇ ಬೇಕು ಅಂದರೆ ಪ್ರೋಟಿಯಾಸೋಮನ್ನು ತಡೆಯುವ ಎಂಜಿ132 ಕೊಟ್ಟು ಕೆಲವು ಗಂಟೆ ಬಿಟ್ಟು ನೋಡಿ. ಇಲಿಯ ಸೆಲ್ ಮಾತ್ರ ಹಾಕಬೇಡಿ, ಡಿಒ-1ಕ್ಕೆ ಮೌಸ್ ಪಿ53ಯ ಗುರುತೇ ಸಿಗುವುದಿಲ್ಲ.

ಘಟ್ಟದ_ಮೇಲಿನವ:
ಆದರೂ ಬಿಎಸ್‌ಎ ಒಮ್ಮೆ ಹಾಕಿ ನೋಡಬಹುದಿತ್ತು.

ಚಂದ್ರಗಿರಿ_ದಡ:
ಒಂದು ತಿಂಗಳು ಹೋಯ್ತು ನನ್ನದು. ಎ431 ನಮ್ಮಲ್ಲಿಲ್ಲ, ಎಂಸಿಎಫ್-7 ಇದೆ.

ಅಡೂರಿನ_ಅಕ್ಕ:
ಅದಕ್ಕೆ ಡಿಎನ್ಎಗೆ ಹಾನಿ ಮಾಡುವ ಡಾಕ್ಸೊರುಬಿಸಿನ್ ಕೊಡಿ, ಪಿ53 ಏರುತ್ತದೆ. ಎ431 ಲೈಸೇಟ್ ನನ್ನ ಹತ್ತಿರ ಸ್ವಲ್ಪ ಉಂಟು. ಶನಿವಾರ ಮಂಗಳೂರಿನಿಂದ ರೈಲಿನಲ್ಲಿ ಬರುವವಳಿದ್ದೇನೆ.

ಮಂಜೇಶ್ವರದ_ಮಾಣಿ:
ಕೊರಿಯರಿಗೆ ಕೊಡಬೇಡಿ ಅಕ್ಕ.

ಚಂದ್ರಗಿರಿ_ದಡ:
ಐಸ್ ಡಬ್ಬಿ ಹಿಡಿದು ಸ್ಟೇಷನ್ನಿಗೆ ನಾನೇ ಬರುತ್ತೇನೆ. ಎಷ್ಟು ಗಂಟೆಯ ರೈಲು?