ನಾಣ್ಯಗಳ ಇತಿಹಾಸದಲ್ಲಿ ಪಿಎಚ್.ಡಿ. ಮಾಡುವ ಆಸೆ, ಮೊದಲು ಏನು ಕಲಿಯಲಿ?

ಮಧುಗಿರಿಯಿಂದ ಪ್ರಶ್ನೆ: ತುಮಕೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ. ಮುಗಿಸುತ್ತಿದ್ದೇನೆ. ಮುಂದೆ ನಾಣ್ಯಗಳ ಮೇಲೆ ಸಂಶೋಧನೆ ಮಾಡಬೇಕು. ತರಬೇತಿ ಎಲ್ಲಿ ಸಿಗುತ್ತದೆ? ತಯಾರಿ ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಶಿರಾದಿಂದ: ಕೋರ್ಸ್ ಆಮೇಲೆ ನೋಡೋಣ, ಮೊದಲು ಲಿಪಿ ಕಲಿಯಿರಿ. ನನ್ನ ಸಂಶೋಧನೆಯಲ್ಲಿ ಕೈ ಹಿಡಿದಿದ್ದು ಅದೇ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ 'ಶ್ರೀ ತಲಕಾಡುಗೊಂಡ', 'ಶ್ರೀ ನೊಣಂಬವಾಡಿಗೊಂಡ' ಅಂತ ಕನ್ನಡದಲ್ಲೇ ಇದೆ. 'ಗೊಂಡ' ಅಂದರೆ ಗೆದ್ದುಕೊಂಡವನು. ನೊಣಂಬವಾಡಿ ಅಂದರೆ ನಮ್ಮ ಸೀಮೆಯೂ ಸೇರಿತ್ತು ಅಲ್ವಾ! ಓದಲು ಬಂದರೆ ಯಾವ ಗೆಲುವಿನ ನಂತರದ ನಾಣ್ಯ ಅಂತ ಅಲ್ಲೇ ತಿಳಿಯುತ್ತದೆ. ವಿಜಯನಗರದ ವರಾಹಗಳಿಗೆ, ಅಂದರೆ ಚಿನ್ನದ ನಾಣ್ಯಗಳಿಗೆ, ನಾಗರಿ ಬೇಕು. ಟಿಪ್ಪು ಕಾಲಕ್ಕೆ ಪರ್ಷಿಯನ್ ಬೇಕೇ ಬೇಕು. ಅವನೇ ಜಾರಿಗೆ ತಂದ ಮೌಲೂದಿ ಶಕದ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದಿದ್ದರೆ ವರ್ಷವೇ ತಲೆಕೆಳಗಾಗುತ್ತದೆ.

ಕೋಲಾರದಿಂದ: ಲಿಪಿ ಸರಿ, ಆದರೆ ಅಕ್ಷರವೇ ಇಲ್ಲದ ನಾಣ್ಯಗಳೂ ಇವೆ. ಗಂಗರದು ಅಂತ ಹೇಳುವ ಆನೆ ಚಿತ್ರದ ವರಾಹ ನೋಡಿ. ಅಲ್ಲಿ ತೂಕ, ಟಂಕದ (ನಾಣ್ಯಕ್ಕೆ ಒತ್ತಿದ ಅಚ್ಚಿನ) ಗುರುತು, ಸಿಕ್ಕಿದ ಜಾಗ, ಇವೇ ಸಾಕ್ಷಿ. ವರಾಹ ಸುಮಾರು 3.4 ಗ್ರಾಂ, 'ಹಣ' ಅನ್ನುವ ಚಿಕ್ಕ ನಾಣ್ಯ ಅದರ ಹತ್ತನೇ ಒಂದು ಪಾಲು. ಅಷ್ಟು ಚಿಕ್ಕದನ್ನು ತೂಗಿ, ಎರಡೂ ಬದಿ ಫೋಟೊ ತೆಗೆದು, ಬರೆದಿಡುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಜೊತೆಗೆ ಶಾಸನ ಓದಿ. ಬಿ.ಎಲ್. ರೈಸ್ ಹೊರತಂದ ಹಳೆಯ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 10ನೇ ಸಂಪುಟ ಕೋಲಾರದ್ದು, 12ನೆಯದು ತುಮಕೂರಿನದು. ಗದ್ಯಾಣ, ಹಣ, ಹಾಗ ಎಂಬ ನಾಣ್ಯಗಳನ್ನು ಕೊಟ್ಟು ಜನ ಏನೇನು ಮಾಡಿದರು ಅನ್ನುವುದು ಶಾಸನದಲ್ಲಿ ಸಿಗುತ್ತದೆ, ನಾಣ್ಯದಲ್ಲಿ ಸಿಗುವುದಿಲ್ಲ. ನನಗೆ ಪ್ರಬಂಧದ ವಿಷಯ ಹೊಳೆದಿದ್ದೇ ಅಲ್ಲಿ.

ಚಿಂತಾಮಣಿಯಿಂದ: ತರಬೇತಿಗೆ ನಾಸಿಕ್ ಹತ್ತಿರ ಅಂಜನೇರಿಯಲ್ಲಿ ನಾಣ್ಯ ಸಂಶೋಧನೆಗೆಂದೇ ಸಂಸ್ಥೆ ಇದೆ, 1980ರಲ್ಲಿ ಶುರುವಾಗಿದ್ದು. ಅಲ್ಲಿನ ಗ್ರಂಥಾಲಯಕ್ಕಾಗಿಯಾದರೂ ಹೋಗಿ ಬನ್ನಿ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ 1952ರಿಂದ ಸಂಶೋಧನಾ ವಿದ್ಯಾರ್ಥಿಗಳಿಗೆ ಬೇಸಿಗೆ ತರಬೇತಿ ನಡೆಸುತ್ತಿದೆ. ಪಿಎಚ್.ಡಿ.ಗೆ ಸೇರಿದ ಮೇಲೆ ಅದನ್ನೂ ವಿಚಾರಿಸಿ. ಅಧ್ಯಾಪಕ ಹುದ್ದೆ, ಸಂಶೋಧನಾ ವೇತನದ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಗೆ ಇತಿಹಾಸದ ಜೊತೆ ಪುರಾತತ್ವವೂ ಬೇರೆ ವಿಷಯವಾಗಿ ಇದೆ, ಎರಡರ ಸಿಲಬಸ್ಸೂ ನೋಡಿ.

ಇನ್ನೊಂದು ಮಾತು. ಹೊಲದಲ್ಲಿ ಸಿಕ್ಕಿತು ಅಂತ ಯಾರಾದರೂ ನಾಣ್ಯ ತಂದರೆ ಕೊಳ್ಳಲು ಹೋಗಬೇಡಿ. ನಿಧಿ ಕಾಯ್ದೆ ಪ್ರಕಾರ ಅಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹಾಗಂತ ಅವರಿಗೆ ಹೇಳಿ. ನಿಧಿ ತುಂಬಿಟ್ಟಿದ್ದ ಮಡಕೆ ಸಮೇತ ಎಲ್ಲ ಒಟ್ಟಿಗೆ ಉಳಿದರೆ ಯಾವ ನಾಣ್ಯ ಯಾವುದರ ಜೊತೆ ಚಲಾವಣೆಯಲ್ಲಿತ್ತು ಅಂತ ತಿಳಿಯುತ್ತದೆ. ಬಿಡಿಬಿಡಿಯಾಗಿ ಮಾರಿಹೋದರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ನಿಮಗೆ ಆಸಕ್ತಿ ಯಾವ ಕಾಲದ್ದು? ತಿಳಿಸಿ, ಅದಕ್ಕೆ ತಕ್ಕಂತೆ ಏನು ಓದಬೇಕು ಅಂತ ಹೇಳುತ್ತೇವೆ.