ಕೂಡಿಟ್ಟ ವಿಮಾನದ ಮೈಲುಗಳ ಬೆಲೆ ಏಕೆ ಕುಗ್ಗುತ್ತಿದೆ?

ಪ್ರಶ್ನೆ

ಅಮೆರಿಕದಲ್ಲಿ ನೆಲೆಸಿರುವ ನಾನು ಅಲ್ಲಿನ ವಿಮಾನ ಸಂಸ್ಥೆಯೊಂದರ ಮೈಲುಗಳನ್ನು, ಅಂದರೆ ಟಿಕೆಟಿಗೆ ಬದಲಾಯಿಸಿಕೊಳ್ಳಬಹುದಾದ ಅಂಕಗಳನ್ನು, ಕ್ರೆಡಿಟ್ ಕಾರ್ಡ್ ಮೂಲಕ ವರ್ಷಗಳಿಂದ ಕೂಡಿಡುತ್ತಾ ಬಂದಿದ್ದೇನೆ. ವಯಸ್ಸಾದ ತಂದೆತಾಯಿಯರನ್ನು ಬೆಂಗಳೂರಿನಿಂದ ಬಿಸಿನೆಸ್ ದರ್ಜೆಯಲ್ಲಿ ಕರೆಸಿಕೊಳ್ಳಬೇಕೆಂಬುದು ನನ್ನ ಆಸೆ. ಆದರೆ ನನ್ನ ಖಾತೆಯಲ್ಲಿ ಮೈಲುಗಳು ಬೆಳೆದಷ್ಟೂ ಟಿಕೆಟಿಗೆ ಅವರು ಕೇಳುವ ಮೈಲುಗಳೂ ಬೆಳೆಯುತ್ತಿವೆ. ಹೀಗೆ ತಾವೇ ತೀರ್ಮಾನಿಸಿ ಬೆಲೆ ಇಳಿಸುವ ಅಧಿಕಾರ ಸಂಸ್ಥೆಗೆ ಇದೆಯೇ? ಇನ್ನೂ ಕಾಯಬೇಕೇ, ಇರುವುದನ್ನು ಬಳಸಿಬಿಡಬೇಕೇ?

ಉತ್ತರ 1

ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಎಅಡ್ವಾಂಟೇಜ್ ಎಂಬ ತನ್ನ ಮೈಲು ಯೋಜನೆಯನ್ನು ಆರಂಭಿಸಿದಾಗ ಹಾರಿದ ದೂರಕ್ಕೆ ತಕ್ಕಂತೆ ಮೈಲು ಸಿಗುತ್ತಿತ್ತು, ಎಷ್ಟು ಮೈಲಿಗೆ ಯಾವ ಟಿಕೆಟ್ ಎಂಬುದು ಪಟ್ಟಿಯಲ್ಲಿರುತ್ತಿತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ವಿಮಾನ ಸಂಸ್ಥೆಗಳೆರಡೂ ದೂರವನ್ನು ಬಿಟ್ಟು, ತೆತ್ತ ಹಣದ ಮೇಲೆ ಮೈಲು ಕೊಡತೊಡಗಿದವು. ಅದೇ ವರ್ಷ ಡೆಲ್ಟಾ ತನ್ನ ದರಪಟ್ಟಿಯನ್ನೇ ತೆಗೆದುಹಾಕಿತು, 2019ರಲ್ಲಿ ಯುನೈಟೆಡ್ ಕೂಡ ಅದೇ ದಾರಿ ಹಿಡಿಯಿತು. ಪಟ್ಟಿ ಇದ್ದಾಗ ದರ ಏರಿಸಿದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಈಗ ದಿನದಿನವೂ ಬದಲಾಗುವ ದರದಲ್ಲಿ ಏರಿಕೆಯನ್ನು ತೋರಿಸಿಕೊಡುವುದೇ ಕಷ್ಟ, ಮತ್ತು ನನ್ನ ದೃಷ್ಟಿಯಲ್ಲಿ ನಿಜವಾದ ಅನ್ಯಾಯವಿರುವುದು ಇಲ್ಲಿಯೇ.

ಇದಕ್ಕೆ ಮೂಲ ಕಾರಣ ಬ್ಯಾಂಕುಗಳು. ವಿಮಾನ ಸಂಸ್ಥೆಗಳು ಕಾರ್ಡ್ ನೀಡುವ ಬ್ಯಾಂಕುಗಳಿಗೆ ಮೈಲುಗಳನ್ನು ಸಗಟಾಗಿ ಮಾರುತ್ತವೆ, ಮತ್ತು ಈ ವ್ಯಾಪಾರ ಎಷ್ಟು ದೊಡ್ಡದೆಂದರೆ, 2020ರಲ್ಲಿ ವಿಮಾನಗಳು ನೆಲಕಚ್ಚಿದ್ದಾಗ ಯುನೈಟೆಡ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್, ಡೆಲ್ಟಾ ತನ್ನ ಸ್ಕೈಮೈಲ್ಸ್ ಅಡವಿಟ್ಟು 900 ಕೋಟಿ ಡಾಲರ್ ಸಾಲ ಎತ್ತಿದವು. ಆ ಕಾರ್ಡಿನಲ್ಲಿ ದಿನಸಿ ಕೊಂಡರೂ ಮೈಲು ಹುಟ್ಟುತ್ತದೆ, ಆದರೆ ವಿಮಾನದಲ್ಲಿ ಆಸನಗಳು ಆ ವೇಗದಲ್ಲಿ ಹುಟ್ಟುವುದಿಲ್ಲ. ನೋಟು ಅಚ್ಚು ಹಾಕುವವರೇ ಅಂಗಡಿಯ ಬೆಲೆಯನ್ನೂ ಬರೆಯುವಾಗ ಆ ನೋಟಿನ ಬೆಲೆ ನಿಲ್ಲುವುದಾದರೂ ಹೇಗೆ?

ಉತ್ತರ 2

ಕಾನೂನಿನ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಮೈಲು ಯೋಜನೆಯ ಸದಸ್ಯತ್ವ ಕಳೆದುಕೊಂಡ ಪ್ರಯಾಣಿಕರೊಬ್ಬರು ನಾರ್ತ್‌ವೆಸ್ಟ್ ವಿಮಾನ ಸಂಸ್ಥೆಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಸಂಸ್ಥೆ ಸದ್ಭಾವನೆಯಿಂದ ನಡೆದುಕೊಳ್ಳಲಿಲ್ಲವೆಂಬ ರಾಜ್ಯ ಕಾನೂನಿನ ವಾದಕ್ಕೆ 1978ರ ವಿಮಾನಯಾನ ಅನಿಯಂತ್ರಣ ಕಾಯ್ದೆ ಅಡ್ಡಿಯಾಗುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಹೀಗಾಗಿ ಉಳಿದಿರುವ ಮುಖ್ಯ ದಾರಿ ಸಾರಿಗೆ ಇಲಾಖೆಗೆ ದೂರು ನೀಡುವುದು. ಆ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ನಾಲ್ಕು ದೊಡ್ಡ ಸಂಸ್ಥೆಗಳಿಂದ ಅವುಗಳ ಮೈಲು ಯೋಜನೆಗಳ ವಿವರ ಕೇಳಿತ್ತು.

ಉತ್ತರ 3

ದಯವಿಟ್ಟು ಕಾಯಬೇಡಿ. 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿದಾಗ ಅದರ ಕಿಂಗ್ ಕ್ಲಬ್ ಯೋಜನೆಯ ಮೈಲುಗಳು ಬೆಲೆಯಿಲ್ಲದಂತಾದದ್ದು ನಮ್ಮೂರಿನ ಅನೇಕರಿಗೆ ಗೊತ್ತು. ಇನ್ನು ಮುಂದೆ ಬೇರೆ ಬೇರೆ ವಿಮಾನ ಸಂಸ್ಥೆಗಳಿಗೆ ವರ್ಗಾಯಿಸಬಹುದಾದ ಬ್ಯಾಂಕ್ ಅಂಕಗಳನ್ನೇ ಕೂಡಿಸಿ, ಆಸನ ಕಣ್ಣಿಗೆ ಕಂಡ ಮೇಲಷ್ಟೇ ವರ್ಗಾಯಿಸಿ, ಏಕೆಂದರೆ ಒಮ್ಮೆ ವರ್ಗಾಯಿಸಿದ ಅಂಕಗಳು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಈಗಿರುವ ಮೈಲುಗಳ ವಿಷಯದಲ್ಲಿ, ನಿಮ್ಮ ಸಂಸ್ಥೆಯ ರದ್ದತಿ ನಿಯಮವನ್ನು ಮೊದಲು ಓದಿ. ಶುಲ್ಕವಿಲ್ಲದೆ ಮೈಲುಗಳು ಖಾತೆಗೆ ಮರಳುವುದಾದರೆ ತಂದೆತಾಯಿಯರ ಟಿಕೆಟನ್ನು ಇಂದಿನ ದರದಲ್ಲೇ ಕಾಯ್ದಿರಿಸಿ, ಮುಂದೆ ದರ ಇಳಿದರೆ ಅದನ್ನು ರದ್ದುಮಾಡಿ ಮತ್ತೆ ಕೊಳ್ಳಿ.