ಗೇಮ್ ತಡವರಿಸುತ್ತಿದೆ, ರೆಕಾರ್ಡಿಂಗ್ ಮಾಡಿದರೆ ಸಿಪಿಯು 100%: 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನದು ಐ5-10400 ಪ್ರೊಸೆಸರ್, 16 ಜಿಬಿ ರ‍್ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 1080ಪಿ ಮಾನಿಟರ್. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಿದೆ. ಹಳೆಯ ಗೇಮ್‌ಗಳು ಚೆನ್ನಾಗಿ ಓಡುತ್ತವೆ. ಹೊಸ ಓಪನ್ ವರ್ಲ್ಡ್ ಗೇಮ್‌ನಲ್ಲಿ ಮಾತ್ರ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) 60 ಇದ್ದದ್ದು, ಕಾರು ಹೊಸ ಬೀದಿಗೆ ತಿರುಗಿದ ಕೂಡಲೇ ಚಿತ್ರ ಅರೆಕ್ಷಣ ನಿಂತೇ ಬಿಡುತ್ತದೆ. ಒಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದರೆ ಸಿಪಿಯು ಪೂರ್ತಿ ಮುಗಿದುಹೋಗುತ್ತದೆ. ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಉಳಿಸುವ ಭಾಗ) ಪಟ್ಟಿಯಲ್ಲಿ ಸಿಪಿಯು ಮೇಲೆ ಓಡುವ ಎಕ್ಸ್264 ಒಂದೇ ಇದೆ. ಡ್ರೈವರ್ ಎರಡು ಸಲ ಅಳಿಸಿ ಹಾಕಿಯಾಯಿತು. ಕಾರ್ಡ್ ಕೆಟ್ಟಿದೆಯೇ? ಬದಲಿಸುವುದಾದರೆ 1650, 1660 ಸೂಪರ್, 3050, ಆರ್‌ಎಕ್ಸ್ 6600, ಆರ್ಕ್ ಎ380, ಇವುಗಳಲ್ಲಿ ಯಾವುದು? ಗೇಮ್ ಬಿಟ್ಟರೆ ವಿಡಿಯೊ ನೋಡುವುದು, ಆಫೀಸ್ ಕೆಲಸ, ಅಷ್ಟೇ.

ಉತ್ತರ:
ಕಾರ್ಡ್ ಕೆಟ್ಟಿಲ್ಲ ಅನ್ನಿಸುತ್ತದೆ. ನಿಮ್ಮ ಬೋರ್ಡಿಗೂ ಅದಕ್ಕೂ ಹೊಂದಾಣಿಕೆ ಆಗಿಲ್ಲ. ಸ್ಲಾಟಿಗೆ ಕೂರುವ ಅಂಚು ಹದಿನಾರು ಲೇನ್‌ನಷ್ಟು (ಲೇನ್ ಎಂದರೆ ಡೇಟಾ ಓಡುವ ದಾರಿ) ಉದ್ದವಿದ್ದರೂ ಈ ಕಾರ್ಡಿನಲ್ಲಿ ಡೇಟಾ ಓಡುವುದು ನಾಲ್ಕೇ ಲೇನ್‌ನಲ್ಲಿ. ಪಿಸಿಐಇ (ಕಾರ್ಡ್ ಕೂರುವ ಸ್ಲಾಟಿನ ಮಾದರಿ) 4.0 ಬೋರ್ಡಿನಲ್ಲಿ ಅದು ಸೆಕೆಂಡಿಗೆ ಸುಮಾರು 8 ಜಿಬಿ. 10400 ಇರುವುದು 3.0ರಲ್ಲಿ, ಅಂದರೆ ನಿಮಗೆ ಸಿಗುವುದು ಅದರ ಅರ್ಧ. 4 ಜಿಬಿ ವಿರ‍್ಯಾಮ್ (ಕಾರ್ಡಿನ ಸ್ವಂತ ಮೆಮೊರಿ) ತುಂಬಿದ ಮೇಲೆ ಉಳಿದ ಟೆಕ್ಸ್ಚರ್ (ಗೇಮ್‌ನ ಮೇಲ್ಮೈ ಚಿತ್ರಗಳು) ರ‍್ಯಾಮ್‌ನಿಂದ ಈ ಕಿರುದಾರಿಯಲ್ಲೇ ಬರಬೇಕು. ತಿರುವಿನಲ್ಲಿ ಚಿತ್ರ ನಿಲ್ಲುವುದು ಅದಕ್ಕೇ.

ನೀವೇ ಪರೀಕ್ಷಿಸಿ. ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು 'ಬಸ್ ಇಂಟರ್‌ಫೇಸ್' ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ, ರೆಂಡರ್ ಟೆಸ್ಟ್ ಓಡಿಸಿ. ಸುಮ್ಮನಿದ್ದಾಗ ಕಾರ್ಡ್ ವೇಗ ಇಳಿಸಿಕೊಂಡಿರುತ್ತದೆ, ಆಗ ನೋಡಿದರೆ ತಪ್ಪು ಲೆಕ್ಕ. ಆಮೇಲೆ ಗೇಮ್‌ನಲ್ಲಿ ಟೆಕ್ಸ್ಚರ್ ಒಂದನ್ನೇ ಹೈನಿಂದ ಮೀಡಿಯಂಗೆ ಇಳಿಸಿ ಅದೇ ಬೀದಿಯಲ್ಲಿ ಓಡಿಸಿ. ಚಿತ್ರ ನಿಲ್ಲದಿದ್ದರೆ ಕಾರಣ ಇದೇ.

ರೆಕಾರ್ಡಿಂಗ್ ಬೇರೆ ಕಥೆ. 6500 ಎಕ್ಸ್‌ಟಿಯಲ್ಲಿ ವಿಡಿಯೊ ಎನ್‌ಕೋಡರ್ ಚಿಪ್‌ನಲ್ಲೇ ಇಲ್ಲ, ಯಾವ ಡ್ರೈವರ್ ಹಾಕಿದರೂ ಬರುವುದಿಲ್ಲ. ಆದರೆ ನಿಮ್ಮದು 10400, ಹೆಸರಿನ ಕೊನೆಗೆ 'ಎಫ್' ಇಲ್ಲ. ಒಳಗೇ ಯುಎಚ್‌ಡಿ 630 ಗ್ರಾಫಿಕ್ಸ್ ಇದೆ. ಬಯೋಸ್‌ನಲ್ಲಿ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಆನ್ ಮಾಡಿ, ಇಂಟೆಲ್ ಡ್ರೈವರ್ ಹಾಕಿ. ಮಾನಿಟರ್ ಕೇಬಲ್ ಕಾರ್ಡಿನಲ್ಲೇ ಇರಲಿ. ಒಬಿಎಸ್‌ನಲ್ಲಿ ಇಂಟೆಲ್‌ನ ಎನ್‌ಕೋಡರ್ ಕ್ವಿಕ್‌ಸಿಂಕ್ ಕಾಣಿಸುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ ಸರ್. ಜಿಪಿಯು-ಝಡ್‌ನಲ್ಲಿ ಎಕ್ಸ್4 3.0 ಎಂದೇ ಬಂತು. ಟೆಕ್ಸ್ಚರ್ ಮೀಡಿಯಂ ಮಾಡಿದ ಮೇಲೆ ಅದೇ ತಿರುವಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ! ಕ್ವಿಕ್‌ಸಿಂಕ್‌ನಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿದೆ, ಸಿಪಿಯು ಹಗುರವಾಗಿದೆ. ಆದರೂ ಟೆಕ್ಸ್ಚರ್ ಹೈ ಇಟ್ಟು ಆಡುವ ಆಸೆ ಬಿಟ್ಟಿಲ್ಲ.

ಉತ್ತರ:
ಹಾಗಾದರೆ ಆರ್‌ಎಕ್ಸ್ 6600. 8 ಜಿಬಿ, ಎಂಟು ಲೇನ್, 3.0 ಬೋರ್ಡಿನಲ್ಲೂ ನಷ್ಟ ಕಡಿಮೆ. ಸ್ವಂತ ಎನ್‌ಕೋಡರ್ ಇದೆ, ಎವಿ1 (ಹೊಸ ವಿಡಿಯೊ ಮಾದರಿ) ವಿಡಿಯೊವನ್ನೂ ಕಾರ್ಡೇ ಬಿಡಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಗೇಮಿಂಗ್‌ಗೆ ಇದಕ್ಕೆ ಸಾಟಿ ಇಲ್ಲ.

1650ಗೆ ಹೋಗಬೇಡಿ, ಅದೂ 4 ಜಿಬಿಯೇ. 1660 ಸೂಪರ್ 2019ರದ್ದಾದರೂ 6 ಜಿಬಿ, 192 ಬಿಟ್ ಮೆಮೊರಿ ಬಸ್, ಹದಿನಾರು ಲೇನ್ ಇರುವ ಗಟ್ಟಿ ಕಾರ್ಡ್. ಎವಿ1 ಮಾತ್ರ ಇಲ್ಲ. ಎ380 ಎವಿ1 ಎನ್‌ಕೋಡ್ ಕೂಡ ಮಾಡುತ್ತದೆ, ವಿಡಿಯೊ ಕೆಲಸದವರಿಗೆ ಒಳ್ಳೆಯದು. ಆದರೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಸಿಪಿಯು ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ) ಆನ್ ಆಗದಿದ್ದರೆ ಗೇಮ್‌ನಲ್ಲಿ ತೀರಾ ಹಿಂದೆ ಬೀಳುತ್ತದೆ.

3050 ವಿಷಯದಲ್ಲಿ ದಯವಿಟ್ಟು ಎಚ್ಚರ. ಒಂದೇ ಹೆಸರಿನಲ್ಲಿ ಎರಡು ಕಾರ್ಡ್ ಇವೆ. 2022ರದ್ದು 8 ಜಿಬಿ, 128 ಬಿಟ್, 130 ವ್ಯಾಟ್. 2024ರದ್ದು 6 ಜಿಬಿ, 96 ಬಿಟ್, 70 ವ್ಯಾಟ್, ಕೋರ್‌ಗಳೂ ಕಡಿಮೆ. ಎರಡನೆಯದು ಸಾಮಾನ್ಯವಾಗಿ ಪವರ್ ಕೇಬಲ್ ಇಲ್ಲದೆ ನಡೆಯುತ್ತದೆ, ಹಾಗಾಗಿ ಸಣ್ಣ ಎಸ್‌ಎಂಪಿಎಸ್ ಇರುವ ಆಫೀಸ್ ಪಿಸಿಗೆ ಅದೇ ಸರಿ.

ಪ್ರಶ್ನೆ ಕೇಳಿದವರು:
6600ಗೆ ನನ್ನ 450 ವ್ಯಾಟ್ ಸಾಕೇ?

ಉತ್ತರ:
ಕಾರ್ಡ್ ಎಳೆಯುವುದು 132 ವ್ಯಾಟ್, 450 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಸಾಕು. ಎಂಟು ಪಿನ್ ಕೇಬಲ್ ಬೇಕು, ನಿಮ್ಮದರಲ್ಲಿ 6+2 ಪಿನ್ ಇದೆಯೇ ನೋಡಿ. ಮೋಲೆಕ್ಸ್‌ನಿಂದ (ಹಳೆಯ ನಾಲ್ಕು ಪಿನ್ ಪ್ಲಗ್) ಅಡಾಪ್ಟರ್ ಹಾಕಲು ಹೋಗಬೇಡಿ. ಕೊಳ್ಳುವ ಮುನ್ನ ಎಸ್‌ಎಂಪಿಎಸ್ ಲೇಬಲ್ಲಿನ ಫೋಟೊ ಇಲ್ಲಿ ಹಾಕಿ, 12 ವೋಲ್ಟ್ ಸಾಲು ನೋಡಿ ಹೇಳುತ್ತೇನೆ.